ಕರಡಿಗೆಯೊಳಗೊಂದು ಅಡಿಕೆ

ಆ ವರ್ಷದ ಆಷಾಢ ಯಾವಾಗ ಮುಗಿದೀತೋ ಎಂದು ಬೆಂಗಳೂರಿನಲ್ಲಿ ಕಾಯುತ್ತಿದ್ದವರು ಎರಡೇ ಬಗೆಯವರು: ಹೆಂಡತಿಯನ್ನು ತವರಿಗೆ ಕಳಿಸಿ ಒಂಟಿಯಾದ ಹೊಸ ಗಂಡಂದಿರು, ಮತ್ತು ಜ್ಯೋತಿಲಕ್ಷ್ಮಿ. ಗಂಡಂದಿರ ಕಷ್ಟ ಅವರಿಗೇ ಇರಲಿ. ಜ್ಯೋತಿಲಕ್ಷ್ಮಿಗೆ ಬೇಕಾಗಿದ್ದುದು ಒಂದು ಬೀಗದ ಕೈ.

ಬಸವನಗುಡಿಯಲ್ಲಿ ಅವಳ ಕಚೇರಿಯ ಸಂಪಾದಕ ವಾದಿರಾಜರ ಮನೆಯ ಹಿಂದೆ ಒಂದು ಔಟ್‌ಹೌಸ್ ಇತ್ತು. ಒಂದು ಕೋಣೆ, ಒಂದು ಅಡುಗೆಮನೆ, ಮುಖ್ಯವಾಗಿ ಒಳಗೇ ಬಚ್ಚಲು, ಕಕ್ಕಸು. ಮೆಟ್ಟಿಲು ಎಂಬುದೇ ಇಲ್ಲ. ಶ್ರೀರಾಂಪುರದ ವಠಾರದಲ್ಲಿ ಜ್ಯೋತಿಯ ತಾಯಿ ಅಂಜಿನಮ್ಮ ಕಕ್ಕಸಿಗೆ ಹೋಗಬೇಕೆಂದರೆ ಏಣಿಯಂಥ ಮೆಟ್ಟಿಲು ಇಳಿದು, ಸಾಲಿನಲ್ಲಿ ನಿಂತು, ಮತ್ತೆ ಹತ್ತಬೇಕು. ಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು. ಮುದುಕಿ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕುಡಿದರೆ ತಾನೆ ಇಳಿಯಬೇಕು! ಅದು ಗೊತ್ತಾದ ದಿನ ಜ್ಯೋತಿಗೆ ಅನ್ನ ಇಳಿಯಲಿಲ್ಲ. ಸಾಲದ್ದಕ್ಕೆ ವಠಾರದ ಮಾಲೀಕ ಕಟ್ಟಡ ಕೆಡವಿಸುತ್ತೇನೆ, ಗೌರಿಹಬ್ಬದೊಳಗೆ ಖಾಲಿ ಮಾಡಿ ಎಂದು ಎಲ್ಲರಿಗೂ ಹೇಳಿಯಾಗಿತ್ತು.

"ಔಟ್‌ಹೌಸ್ ನಿಮಗೇ ಕಣಮ್ಮ," ಎಂದಿದ್ದರು ವಾದಿರಾಜರು. "ಆದ್ರೆ ಆಷಾಢದಲ್ಲಿ ಮನೆ ಬದಲಾಯಿಸಬಾರ್ದು ಅಂತಾರೆ ನಮ್ಮಮ್ಮ. ನನಗೆ ನಂಬಿಕೆ ಇಲ್ಲ, ನಿನಗೂ ಇಲ್ಲ. ಒಂದು ತಿಂಗಳು ಅಲ್ವಾ? ಕಳೀಲಿ."

ಕಳೀಲಿ ಎಂದರೆ ಕಳೆಯುತ್ತದೆಯೇ? ಚಾಮರಾಜಪೇಟೆಯ ನಿಘಂಟು ಕಚೇರಿಯಲ್ಲಿ ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಗಡಿಯಾರ ನೋಡುವಳು, ಕ್ಯಾಲೆಂಡರ್ ನೋಡುವಳು, ಮತ್ತೆ ಕೆಲಸ ನೋಡುವಳು. ಅದು ಅಕಾರಾದಿಯ ನಿಘಂಟಲ್ಲ. ಒಂದೇ ಅರ್ಥದ ಪದಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕುವ ಕೋಶ. ಒಂದು ತಿಂಗಳು 'ಹಸಿವು', ಒಂದು ತಿಂಗಳು 'ಸಿಟ್ಟು'. ಈ ತಿಂಗಳ ಗುಡ್ಡೆಯ ಹೆಸರು 'ಡಂಭ'. ದೇವರ ಹೆಸರಲ್ಲಿ ವೇಷ ಹಾಕುವವರಿಗೆ ಕನ್ನಡದಲ್ಲಿ ಏನೇನು ಹೆಸರಿದೆಯೋ ಎಲ್ಲವೂ ಅಲ್ಲಿಗೆ ಬರಬೇಕು.

ವಾದಿರಾಜರಿಗೆ ಈ ಗುಡ್ಡೆ ಎಂದರೆ ಹಬ್ಬ. ಅರವತ್ತರ ಹತ್ತಿರದ ಸಂಪಾದಕರು, ಹಣೆಗೆ ಅಂಗಾರ ಅಕ್ಷತೆ ಇಡುವುದನ್ನು ಎಂದೋ ಬಿಟ್ಟವರು. ಪದದ ಹುಟ್ಟು ಹೇಳಲು ಹೊರಟರೆ ಎದ್ದು ನಿಂತೇ ಹೇಳಬೇಕು.

"ಡಂಭ ಎಲ್ಲಿಂದ ಬಂತು? ದಂಭ. ಮೋಸ ಮಾಡು, ಏಟು ಹಾಕು ಅನ್ನೋ ಧಾತುವಿಂದ. ಅಂದ್ರೆ ನೋಡಿ, ಡಾಂಭಿಕ ಬರೀ ತೋರಿಸ್ಕೊಳ್ಳೋನಲ್ಲ, ಒಬ್ಬರಿಗೆ ಏಟು ಬಿದ್ದೇ ಬೀಳುತ್ತೆ! ಬಕಧ್ಯಾನ ಬರ್ಕೊ. ಕೆರೆ ನೀರಲ್ಲಿ ಒಂಟಿಕಾಲಲ್ಲಿ ಕೊಕ್ಕರೆ. ಧ್ಯಾನ ಮೀನಿನ ಮೇಲೆ. ಬೆಕ್ಕಿನ ಸನ್ಯಾಸ ಬರ್ಕೊ. ಆಷಾಢಭೂತಿ: ಹಳೇ ಕತೇಲಿ ಒಬ್ಬ ಸನ್ಯಾಸಿಯ ಕಾಲು ಒತ್ತಿ ಒತ್ತಿ ಶಿಷ್ಯ ಆಗಿ, ಅವನ ಗಂಟು ಹೊತ್ಕೊಂಡು ಓಡಿದ ಭೂಪ. ಬೂಟಾಟಿಕೆ... ಅದರ ಮೂಲ ಇನ್ನೂ ಬಗೆಹರಿದಿಲ್ಲ, ಪ್ರಶ್ನೆ ಗುರುತು ಹಾಕು."

ಎದುರು ಮೇಜಿನ ಶ್ರೀನಿವಾಸಯ್ಯ, ಕಚೇರಿಯ ಹಳೆಯ ಗುಮಾಸ್ತರು, ಪೆನ್ಸಿಲ್ ಚೂಪು ಮಾಡುತ್ತ ಸೇರಿಸಿದರು: "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅದನ್ನೂ ಹಾಕಿ ಸಾರ್."

"ಹಾಕೋಣ! ಜ್ಯೋತಿ, ಪಾಷಂಡ ಬಿಡಬೇಡ. ಅದರ ಕತೆ ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಅಶೋಕನ ಶಾಸನದಲ್ಲಿ ಪಾಷಂಡ ಅಂದ್ರೆ ಮರ್ಯಾದೆಯ ಪದ. ಒಂದು ಮತ, ಒಂದು ಪಂಥ, ಅಷ್ಟೇ. ಎಲ್ಲ ಪಾಷಂಡಗಳನ್ನೂ ಗೌರವಿಸಿ ಅಂತ ಕೆತ್ತಿಸಿದ್ದಾನೆ ಮಹಾರಾಯ. ಆಮೇಲೆ ನಮ್ಮೋರು ಬಂದ್ರಲ್ಲ! ನಿಮ್ಮ ಬೌದ್ಧರನ್ನ, ಜೈನರನ್ನ ಬೈಯೋದಕ್ಕೆ ಅದೇ ಪದ ಹಿಡ್ಕೊಂಡ್ರು. ಕೊನೆಗೆ ಕಪಟಿ ಅಂತ್ಲೇ ಅರ್ಥ ಆಗಿಹೋಯ್ತು. ಸುಮ್ನಿದ್ದೋರ ಹೆಸರನ್ನ ಕಳ್ಳರಿಗೆ ಇಟ್ಟ ಹಾಗೆ."

ನಿಮ್ಮ ಬೌದ್ಧರು ಎಂದಾಗ ಅವರ ದನಿಯಲ್ಲಿ ಅಕ್ಕರೆಯಿತ್ತು. ಸುಳ್ಳು ಹೇಳಬಾರದು, ಅಕ್ಕರೆ ನಿಜವಾದದ್ದೇ. ಸಂದರ್ಶನದ ದಿನ ನಾಲ್ಕು ಜನ ಮೂಗು ಮುರಿದಾಗ "ಈ ಹುಡುಗಿಯೇ ಆಗಬೇಕು" ಎಂದು ಪಟ್ಟು ಹಿಡಿದವರು ಅವರು. ಅವಳ ಡಬ್ಬಿಯ ಚಿತ್ರಾನ್ನಕ್ಕೆ ಕೈ ಹಾಕಿ ತಿಂದವರು. ಅದಕ್ಕೇ ಜ್ಯೋತಿ ಅವರನ್ನು ಅಷ್ಟು ನಂಬಿದ್ದಳು.

ಶ್ರಾವಣ ಬಂತು. ವಾದಿರಾಜರು ಅವಳನ್ನು ಕಚೇರಿಯ ಹೊರಗಿನ ಸಂಪಿಗೆ ಮರದ ಕೆಳಗೆ ಕರೆದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅಮ್ಮ ಒಪ್ಪಿದ್ದಾರೆ. ಮುಂದಿನ ಸೋಮವಾರ ಹಾಲು ಉಕ್ಕಿಸಿಬಿಡಿ. ಒಂದೇ ಒಂದು ವಿಷಯ... ಯಾವ ಪೈಕಿ ಅಂತ ಕೇಳಿದ್ರು. ನಿಂಗೊತ್ತಲ್ಲ, ಎಂಬತ್ತು ದಾಟಿದೆ, ಮಡಿ ಹೆಂಗಸು, ಎದೆ ಬೇರೆ ಸರಿ ಇಲ್ಲ. ನಾನು, ಲಿಂಗಾಯತರು ಅಂದ್ಬಿಟ್ಟೆ."

ಜ್ಯೋತಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾರು ಸರ್?"

"ನೀವು. ಬರೀ ಅಮ್ಮನ ಕಿವಿಗೆ ಕಣಮ್ಮ. ನೀನೇನೂ ಸುಳ್ಳು ಹೇಳ್ಬೇಕಾಗಿಲ್ಲ, ಸುಮ್ನಿದ್ರೆ ಸಾಕು. ಬುದ್ಧನ ಪಟ, ಬಾಬಾಸಾಹೇಬರ ಪಟ ಒಳಗಿನ ಗೋಡೆಗೆ ಹಾಕ್ಕೊಳ್ಳಿ. ಅಮ್ಮ ಇರೋ ತನಕ, ಅಷ್ಟೇ. ಮುದುಕಿ ಮನಸ್ಸು ನೋಯಿಸಿ ನಾವು ಸಾಧಿಸೋದೇನಿದೆ, ಹೇಳು?"

ಉರಿದುಹೋಯಿತು ಜ್ಯೋತಿಗೆ. ನಿಮ್ಮ ಮನೆ ನೀವೇ ಇಟ್ಟುಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಅಮ್ಮನ ಮಂಡಿ ಕಣ್ಣ ಮುಂದೆ ಬಂತು. ಬಂದ ಮಾತನ್ನು ನುಂಗಿಕೊಂಡು "ಆಗ್ಲಿ ಸರ್" ಎಂದಳು. ಹಾಗೆಂದದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಇನ್ನೊಂದು ಹೊಳೆಯಿತು. ಲಿಂಗಾಯತರೆಂದರೆ ಕೊರಳಲ್ಲಿ ಲಿಂಗ ಬೇಡವೇ? ಪದದ ಬೇರು ಪಾತಾಳದವರೆಗೆ ಅಗೆಯುವ ಮೇಷ್ಟರು ಸುಳ್ಳು ಹೇಳುವಾಗ ಅಂಗೈಯಗಲದ್ದನ್ನೂ ಯೋಚಿಸಲಿಲ್ಲವಲ್ಲ! ವೈಷ್ಣವರು ಎಂದಿದ್ದರೆ ಒಂದು ನಾಮದಲ್ಲಿ ಮುಗಿಯುತ್ತಿತ್ತು.

ಮರುದಿನ ಗಾಂಧಿ ಬಜಾರಿನ ಪೂಜಾಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವರ ಹಣೆಯ ತುಂಬ ವಿಭೂತಿ.

"ಲಿಂಗ ಅಂಗಡೀಲಿ ಕೊಳ್ಳೋದಲ್ಲ ತಾಯಿ," ಎಂದರು ಅವರು. "ಗುರುಗಳು ಕೈಯಾರೆ ಕೊಟ್ಟು ಕಟ್ಟಿಸ್ಬೇಕು. ಕರಡಿಗೆ, ಶಿವದಾರ ಬೇಕಾದ್ರೆ ಕೊಡ್ತೀನಿ. ಹಳೇ ಕರಡಿಗೆ ಸವೆದಿದ್ಯಾ?"

"ಹೂಂ," ಎಂದಳು ಜ್ಯೋತಿ. ಮುಖ ಎತ್ತಲಿಲ್ಲ. ಅವರು ಲಿಂಗ ಇಡುವ ಆ ಪುಟ್ಟ ಬೆಳ್ಳಿಬಣ್ಣದ ಭರಣಿಯನ್ನು ಕಣ್ಣಿಗೊತ್ತಿಕೊಂಡು ಕೊಟ್ಟರು.

ಖಾಲಿ ಕರಡಿಗೆ ಹಗುರ. ಕೊರಳಿಗೆ ಹಾಕಿದರೆ ಸೆರಗಿನ ಮೇಲೆ ಅತ್ತಿತ್ತ ಹಾರಾಡುತ್ತದೆ. ಅಮ್ಮನ ಎಲೆಯಡಿಕೆ ಚೀಲದಿಂದ ಒಂದು ಗೋಟಡಿಕೆ ತೆಗೆದು ಬಟ್ಟೆ ಸುತ್ತಿ ಒಳಗಿಟ್ಟಳು. ಸರಿಯಾಗಿ ಕೂತಿತು. ಅಂಜಿನಮ್ಮ ಗೋಡೆಗೊರಗಿ ಎಲ್ಲವನ್ನೂ ನೋಡುತ್ತಿದ್ದಳು.

"ಅದ್ರೊಳಗೆ ಏನ್ ಮಡಗ್ದೆ?"

"ಅಡಿಕೆ."

"ನಿಮ್ಮಪ್ಪ ಇದ್ದಿದ್ರೆ ಏನನ್ನೋರು?"

"ಅಪ್ಪ ಇದ್ದಿದ್ರೆ ಮೆಟ್ಟಿಲು ಇಳಿಸಿ ಹತ್ತಿಸೋರು! ಈಗ ಯಾರಿದಾರೆ? ಸುಮ್ನಿರಮ್ಮ."

ಅಂಜಿನಮ್ಮ ಮಂಡಿ ನೀವಿಕೊಂಡಳು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಉಟ್ಟಿದ್ದ ಬಿಳಿ ಸೀರೆಯನ್ನು ಇನ್ನೂ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡವಳು ಅವಳು. ಈಗ ಬೇರೆಯದನ್ನೇ ಕೇಳಿದಳು, "ಭಾನುವಾರ ಮೀನೂ ಇಲ್ವೇನೇ ಅಲ್ಲಿ?"

"ಇಲ್ಲ."

"ಹಾಳಾಗೋಗ್ಲಿ. ನಾನು ಮಾತ್ರ ಕೊರಳಿಗೆ ಏನೂ ಕಟ್ಟಲ್ಲ, ಬಾಯಲ್ಲಿ ಸುಳ್ಳೂ ಹೇಳಲ್ಲ. ಯಾರಾದ್ರೂ ಕೇಳಿದ್ರೆ ಮುದುಕಿಗೆ ಕಿವಿ ಕೇಳ್ಸಲ್ಲ ಅಂದ್ಬಿಡು." ಇಬ್ಬರಿಗೂ ನಗು ಬಂತು, ನಕ್ಕರು. ಜ್ಯೋತಿಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಬೆಳಗ್ಗೆ ಆಟೋದಲ್ಲಿ ಒಂದು ಸೀಮೆಎಣ್ಣೆ ಸ್ಟೌ, ಒಂದು ಹೊಸ ಪಾತ್ರೆ, ಹಾಲು, ಸಕ್ಕರೆ ಇಟ್ಟುಕೊಂಡು ಬಸವನಗುಡಿಗೆ ಬಂದರು. ವಾದಿರಾಜರು ಗೇಟಿನಲ್ಲೇ ನಿಂತಿದ್ದರು. ಜ್ಯೋತಿಯ ಹಣೆಯ ವಿಭೂತಿ, ಕೊರಳ ಕರಡಿಗೆ ನೋಡಿ ಅವರ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಮೆಲ್ಲಗೆ, "ಒಳ್ಳೇದಾಯ್ತು, ನನಗೆ ಹೊಳೆದೇ ಇರಲಿಲ್ಲ," ಎಂದರು.

ಅಂಜಿನಮ್ಮ ಔಟ್‌ಹೌಸಿನ ಒಳಗೆ ನಡೆದಳು. ಬಚ್ಚಲಿನ ಬಾಗಿಲು ತೆಗೆದು ನೋಡಿದಳು. ನಲ್ಲಿ ತಿರುಗಿಸಿದಳು, ನೀರು ಬಂತು. ಮತ್ತೆ ನಿಲ್ಲಿಸಿ, ಮತ್ತೆ ತಿರುಗಿಸಿದಳು. ಅವಳ ಮುಖ ಅರಳಿದ್ದು ಕಂಡು ಜ್ಯೋತಿಗೆ ಅಳು ಬಂದಂತಾಯಿತು. ಇಷ್ಟಕ್ಕಾಗಿ ಒಂದು ಅಡಿಕೆಯನ್ನಲ್ಲ, ಬಂಡೆಯನ್ನು ಬೇಕಾದರೂ ಕೊರಳಿಗೆ ಕಟ್ಟಿಕೊಂಡೇನು ಎಂದುಕೊಂಡಳು.

ಹಾಲು ಒಲೆಯ ಮೇಲಿತ್ತು. ಹಿತ್ತಲ ತುಳಸಿಕಟ್ಟೆಯ ಆಚೆ ಬದಿಗೆ ಸುಬ್ಬಮ್ಮನವರು ಬಂದು ನಿಂತರು. ವಾದಿರಾಜರ ತಾಯಿ, ಒಣಗಿದ ಕಡ್ಡಿಯಂಥ ಜೀವ, ಕೆಂಪು ಮಡಿಸೀರೆ, ತಲೆ ತುಂಬ ಸೆರಗು. ಯಾರಿಗೂ ತಾಗದಷ್ಟು ದೂರದಲ್ಲಿ ನಿಂತೇ ಮಾತು.

"ಬಂದ್ರೇನಮ್ಮಾ? ಒಳ್ಳೇದಾಗ್ಲಿ. ವಾದಿ ಶುಕ್ರವಾರ ಅಂದ. ನಾನೇ ಬೇಡ ಅಂದೆ. ಅವರಿಗೆ ಶ್ರಾವಣ ಸೋಮವಾರ ದೊಡ್ಡದು ಕಣೋ, ಅವತ್ತೇ ಬರ್ಲಿ ಅಂದೆ. ಇವ್ರು ತಾಯೀನಾ? ಏನಮ್ಮಾ ಹೆಸರು?"

"ಅಮ್ಮಂಗೆ ಕಿವಿ ಕೇಳ್ಸಲ್ಲ ಅಜ್ಜಿ," ಎಂದಳು ಜ್ಯೋತಿ. ಅಂಜಿನಮ್ಮ ನೆಲ ನೋಡಿದಳು.

"ಪಾಪ," ಎಂದರು ಸುಬ್ಬಮ್ಮ. ಹಾಲು ಸುಯ್ಯೆಂದು ಉಕ್ಕಿತು. ಅವರು ದೂರದಿಂದಲೇ ಕೈಮುಗಿದರು. ಹೊರಡುತ್ತಾರೆಂದು ಜ್ಯೋತಿ ಉಸಿರು ಬಿಟ್ಟಳು. ಅವರು ಹೊರಡಲಿಲ್ಲ.

"ಮಗೂ, ಒಂದು ಕೇಳ್ಲಾ? ನಾನು ಹುಟ್ಟಿದ್ದು ಹರಿಹರದಲ್ಲಿ. ಪಕ್ಕದ ಮನೇಲಿ ನೀಲಮ್ಮ ಅಂತ, ನಿಮ್ಮ ಪೈಕಿ. ನಾವಿಬ್ರೂ ಒಂದೇ ವಾರಿಗೆ. ಹೊಳೆದಂಡೇಲಿ ಲಿಂಗ ತೆಗೆದು ಎಡಗೈ ಮೇಲಿಟ್ಟು ಪೂಜೆ ಮಾಡೋಳು. ರೆಪ್ಪೆ ಬಡೀತಿರ್ಲಿಲ್ಲ ಅವಳು. ನೋಡ್ತಾ ನೋಡ್ತಾ ನನಗೇ ಅಳು ಬರೋದು. ಮದುವೆಯಾಗಿ ಇಲ್ಲಿಗೆ ಬಂದೆ, ಆಮೇಲೆ ಅವಳ ಮುಖ ನೋಡ್ಲಿಲ್ಲ. ಹಾಲು ಉಕ್ಕಿಸಿ ಆಯ್ತಲ್ಲ, ಹೇಗೂ ಪೂಜೆ ಮಾಡ್ಕೊಳ್ತೀಯ. ನಾನು ಇಲ್ಲೇ ನಿಂತು ನೋಡ್ಲಾ? ಮಾತಾಡಲ್ಲ, ದೂರಾನೇ ಇರ್ತೀನಿ."

ಏನು ಮಾಡುವುದು ಹೇಳಿ! ಮುದುಕಿ ಪರೀಕ್ಷೆ ಮಾಡುತ್ತಿದ್ದರೆ ಜ್ಯೋತಿ ಎದುರು ನಿಲ್ಲುತ್ತಿದ್ದಳು. ಜಗಳವಾಡಿದ್ದರೆ ಎರಡು ಮಾತು ಜಾಸ್ತಿಯೇ ಆಡುತ್ತಿದ್ದಳು. ಸುಬ್ಬಮ್ಮನವರು ಆಗಲೇ ಎರಡೂ ಕೈ ಜೋಡಿಸಿ, ಕರಡಿಗೆಯನ್ನೇ ನೋಡುತ್ತ ನಿಂತಿದ್ದರು, ಕಣ್ಣು ತೇವವಾಗಿತ್ತು.

"ಅಮ್ಮ, ಅವರಿಗೆ ಹೊತ್ತಾಗುತ್ತೆ," ಎಂದರು ವಾದಿರಾಜರು. "ಇನ್ನೊಂದು ದಿನ... ಪೂಜೆ ಅನ್ನೋ ಪದಾನೇ ನೋಡು ಅಮ್ಮ, ಅದು ಮೂಲದಲ್ಲಿ..."

"ನಿನ್ನ ಪದ ಸುಡು. ಸುಮ್ನಿರೋ."

ಜ್ಯೋತಿ ತಾಯಿಯ ಕಡೆ ನೋಡಿದಳು. ಬಚ್ಚಲಿನ ಬಾಗಿಲು ಇನ್ನೂ ತೆರೆದೇ ಇತ್ತು. ಏನೋ ಒಂದು ನೆಪ ಹೇಳಬಹುದಿತ್ತು: ಸ್ನಾನವಾಗಿಲ್ಲ, ಗುರುಗಳ ಅಪ್ಪಣೆಯಿಲ್ಲ, ಹೊರಗಿದ್ದೇನೆ. ನೂರು ಸುಳ್ಳು ಸಾಲುಗಟ್ಟಿ ನಿಂತವು. ಆದರೆ ಮುಗಿದ ಆ ಕೈಗಳನ್ನು ನೋಡುತ್ತ ಇನ್ನೊಂದು ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ. ಶಿವದಾರ ತೆಗೆದಳು, ಕರಡಿಗೆ ಬಿಚ್ಚಿದಳು, ಬಟ್ಟೆ ಬಿಡಿಸಿ ಅಂಗೈ ಚಾಚಿದಳು.

ಸುಬ್ಬಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಇದೇನೇ ಇದು? ಅಡಿಕೆ!"

"ಹೂಂ ಅಜ್ಜಿ. ನಾವು ಲಿಂಗಾಯತರಲ್ಲ. ಬೌದ್ಧರು. ಅದಕ್ಕೆ ಮುಂಚೆ ನಮ್ಮೋರ್ನ ಊರಾಚೆ ಇಟ್ಟಿದ್ರು."

ಸುಬ್ಬಮ್ಮನವರ ಮುಗಿದ ಕೈ ಬಿಟ್ಟುಕೊಂಡಿತು. ಅವರು ಮಗನ ಕಡೆ ತಿರುಗಿದರು.

"ವಾದೀ, ನಿನಗೆ ಗೊತ್ತಿತ್ತಾ?"

ಜ್ಯೋತಿ ಕೂಡ ಅವರ ಕಡೆ ನೋಡಿದಳು. ಹೆದರಿಕೆಯೇನೂ ಇರಲಿಲ್ಲ, ಈಗ ಮೇಷ್ಟರು ಮುಂದೆ ಬಂದು ಎಲ್ಲ ಹೇಳುತ್ತಾರೆ, ಅಮ್ಮ ತಪ್ಪು ನನ್ನದು ಎನ್ನುತ್ತಾರೆ. ಚಿತ್ರಾನ್ನ ತಿಂದವರಲ್ಲವೇ?

ವಾದಿರಾಜರು ಕನ್ನಡಕ ತೆಗೆದರು. ಒರೆಸಿದರು.

"ಇಲ್ಲಮ್ಮ," ಎಂದರು. "ನನಗೂ ಈಗ್ಲೇ ಗೊತ್ತಾಗ್ತಿರೋದು."

ಜ್ಯೋತಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅಷ್ಟರಲ್ಲಿ ಹಿಂದಿನಿಂದ ಅಂಜಿನಮ್ಮನ ಗಟ್ಟಿದನಿ ಕೇಳಿಸಿತು: "ಜ್ಯೋತೀ, ಸ್ಟೌ ಆರಿಸು. ಹೋಗಾಣ ನಡಿ."

ಸುಬ್ಬಮ್ಮ ಬೆಚ್ಚಿ ಅತ್ತ ನೋಡಿದರು. "ಕಿವೀನೂ ಸುಳ್ಳಾ?" ಎಂದರು. ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು ಆ ದನಿಯಲ್ಲಿ. "ಜಾತಿ ಸುಳ್ಳು ಹೇಳಿದ್ರಿ, ಹಾಳಾಗ್ಲಿ. ನಿಜ ಹೇಳಿದ್ರೆ ನಾನು ಮನೆ ಕೊಡ್ತಿರ್ಲಿಲ್ಲ, ಅದು ನನಗೂ ಗೊತ್ತು. ಆದ್ರೆ ನನ್ನ ನೀಲಮ್ಮನ ಲಿಂಗ ಅಂತ ಅಡಿಕೆಗೆ ಕೈ ಮುಗಿಸಿಬಿಟ್ಯಲ್ಲೇ ಮಗೂ!"

ಜ್ಯೋತಿ ಅಡಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಮೇಷ್ಟರ ಮೇಲಿನ ಸಿಟ್ಟೆಲ್ಲ ಒಂದು ಕಡೆ, ಈ ನಾಚಿಕೆ ಒಂದು ಕಡೆ. "ತಪ್ಪಾಯ್ತು ಅಜ್ಜಿ," ಎಂದಳು. ಸುಬ್ಬಮ್ಮನವರು ಮತ್ತೆ ಸ್ನಾನ ಮಾಡಲು ಒಳಗೆ ಹೋದರು. ವಾದಿರಾಜರು ಅಲ್ಲಿ ಇರಲೇ ಇಲ್ಲ. ಯಾವಾಗ ಒಳಗೆ ಸೇರಿಕೊಂಡರೋ.

ಆಟೋದಲ್ಲಿ ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅಂಜಿನಮ್ಮ ಕೈ ಚಾಚಿದಳು. "ಆ ಅಡಿಕೆ ಎಲ್ಲಿ? ಇತ್ಲಾಗ್ ಕೊಡು." ಸೊಂಟದ ಚೀಲದಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯನ್ನು ಅಡಕತ್ತರಿಯಲ್ಲಿ ಚೂರು ಮಾಡಿ ಬಾಯಿಗೆ ಹಾಕಿಕೊಂಡಳು. "ನಲ್ಲಿ ಚೆನ್ನಾಗಿತ್ತು ಕಣೇ," ಎಂದಳು. ಜ್ಯೋತಿ ಅತ್ತಳು. ಚಾಮರಾಜಪೇಟೆ ದಾಟಿ ಮೆಜೆಸ್ಟಿಕ್ ಬರುವವರೆಗೂ ಅತ್ತಳು.

ಸಂಜೆ ಕರಡಿಗೆಯನ್ನು ಅಂಗಡಿಗೆ ಹಿಂದಿರುಗಿಸಿದಳು. ವಾರದೊಳಗೆ ಶ್ರೀರಾಂಪುರದಲ್ಲೇ ಒಂದು ಕೋಣೆ ಸಿಕ್ಕಿತು. ಮಾಲೀಕರು ಪರಿಚಯದವರು, ಯಾವ ಪೈಕಿ ಎಂದು ಕೇಳಲಿಲ್ಲ. ಕಕ್ಕಸು ಕೆಳಗೆ, ಕೋಣೆ ಮೂರನೇ ಮಹಡಿಯಲ್ಲಿ.

ಆ ವಾರವೆಲ್ಲ ವಾದಿರಾಜರು ರಜೆ ಹಾಕಿದ್ದರು. ಬಂದ ದಿನ ಏನೂ ಆಗದವರ ಹಾಗೆ, "ಡಂಭದ ಹಾಳೆ ಇವತ್ತು ಮುದ್ರಣಕ್ಕೆ ಹೋಗ್ಬೇಕು, ಓದಿಬಿಡಿ," ಎಂದರು. ಆ ಕಚೇರಿಯ ಪದ್ಧತಿ ಹಾಗೆ: ಅಚ್ಚಿಗೆ ಹೋಗುವ ಮುಂಚೆ ಒಬ್ಬರು ಗಟ್ಟಿಯಾಗಿ ಓದಬೇಕು, ಶ್ರೀನಿವಾಸಯ್ಯ ಇನ್ನೊಂದು ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು, ಪ್ರತಿ ಪದಕ್ಕೂ ಸಂಪಾದಕರು ಬಾಯಿಬಿಟ್ಟು 'ಸರಿ' ಎನ್ನಬೇಕು. ಒಂದು ಪದಕ್ಕೆ 'ಸರಿ' ಬೀಳದಿದ್ದರೂ, ಒಂದು ಪದ ಬಿಟ್ಟುಹೋಗಿದೆ ಎಂದು ಯಾರಾದರೂ ಹೇಳಿದರೂ ಹಾಳೆ ಮೇಜು ಬಿಟ್ಟು ಏಳುವಂತಿಲ್ಲ. ಆ ನಿಯಮ ಮಾಡಿದವರೂ ಅವರೇ.

ಜ್ಯೋತಿ ಓದಿದಳು. "ಆಷಾಢಭೂತಿ. ಭಕ್ತನಂತೆ ನಟಿಸಿ ನಂಬಿದವರನ್ನು ವಂಚಿಸುವವನು."

"ಸರಿ."

"ಪಾಷಂಡ. ಮೊದಲು, ಯಾವುದೇ ಮತ ಅಥವಾ ಪಂಥ. ಅನಂತರ, ಪರಮತದವರನ್ನು ಹಳಿಯುವ ಪದ. ಈಗ, ಕಪಟಿ."

"ಸರಿ." ಅವರು ಕಿಟಕಿ ನೋಡುತ್ತಿದ್ದರು.

"ಬಕಧ್ಯಾನ. ಬೆಕ್ಕಿನ ಸನ್ಯಾಸ. ಬೂಟಾಟಿಕೆ." ಒಂದೊಂದಕ್ಕೂ ಅರ್ಥ ಓದಿದಳು, ಒಂದೊಂದಕ್ಕೂ ಸರಿ ಬಿತ್ತು. ಕೊನೆಯದು ಉಳಿಯಿತು.

"ಡಾಂಭಿಕ. ತನ್ನಲ್ಲಿಲ್ಲದ ಧರ್ಮಾಚರಣೆಯನ್ನು ಇದೆಯೆಂದು ತೋರಿಸಿಕೊಳ್ಳುವವನು ಅಥವಾ ತೋರಿಸಿಕೊಳ್ಳುವವಳು."

"ಸರಿ."

"ಸಾಲಲ್ಲ ಸರ್," ಎಂದಳು ಜ್ಯೋತಿ.

ಅವರು ಕಿಟಕಿಯಿಂದ ತಿರುಗಿದರು.

"ಇದು ನನಗೆ ಒಪ್ಪುತ್ತೆ. ನಾನು ಕಟ್ಕೊಂಡಿದ್ದೆ, ಇಲ್ಲ ಅನ್ನಲ್ಲ. ಇನ್ನೊಬ್ಬರ ಕೊರಳಿಗೆ ಕಟ್ಟಿಸಿ, ಸಿಕ್ಕಿಬಿದ್ದಾಗ ನನಗೂ ಈಗ್ಲೇ ಗೊತ್ತಾಗ್ತಿರೋದು ಅನ್ನೋನು? ಈ ಹಾಳೆಯಲ್ಲಿ ಅವನಿಗೆ ಯಾವ ಪದ ಸರ್? ನಾನು ಎಲ್ಲ ಕಡೆ ಹುಡುಕ್ದೆ, ಸಿಗಲಿಲ್ಲ."

ಶ್ರೀನಿವಾಸಯ್ಯನವರಿಗೆ ತಲೆಬುಡ ಗೊತ್ತಿಲ್ಲ. ಅವರು ಇಬ್ಬರ ಮುಖವನ್ನೂ ನೋಡಿ, ಹಾಳೆಯ ಅಂಚಿನಲ್ಲಿ ಪೆನ್ಸಿಲ್ ಊರಿ, "ಹೇಳಿ ಸಾರ್, ಬರ್ಕೋತೀನಿ," ಎಂದರು.

ವಾದಿರಾಜರ ಕೈ ಕನ್ನಡಕಕ್ಕೆ ಹೋಯಿತು. ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಜ್ಯೋತಿ ಹಾಳೆಯನ್ನು ಮೇಜಿನ ಮೇಲಿಟ್ಟು, ಅವರ ಬಾಯಿಂದ ಏನು ಬರುತ್ತದೆಂದು ಕಾದಳು. ಮುದ್ರಣಾಲಯದವನು ಬಂದು ಬಾಗಿಲಲ್ಲಿ ನಿಂತ. ಶ್ರೀನಿವಾಸಯ್ಯನವರ ಪೆನ್ಸಿಲ್ ಇನ್ನೂ ಹಾಳೆಯ ಅಂಚಿನಲ್ಲೇ ಊರಿತ್ತು.